ಮುನ್ನೂರ ಹನ್ನೆರಡು ಇಂಟು ಮಾರ್ಕು

ಶನಿವಾರ, ಬೆಳಗಿನ ಐದೂವರೆ. ಹನ್ನೊಂದನೇ ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು ಆಯಮ್ಮ ಬೆಂಚಿನ ಮುಂದೆ ಮಂಡಿಯೂರಿದ್ದಾರೆ. ಒಂದು ಕೈಯಲ್ಲಿ ಥಿನ್ನರ್ ಬಟ್ಟೆ, ಇನ್ನೊಂದರಲ್ಲಿ ಬಣ್ಣ ಕೆರೆಯುವ ಪಟ್ಟಿ. ಮೂವರು ಕೂರುವ ಬೆಂಚಿನ ನಡುಮಧ್ಯೆ ಅಂಗೈ ಅಗಲದ ಕೆಂಪು ಇಂಟು ಮಾರ್ಕು. ಜಪ್ಪಯ್ಯ ಅಂದರೂ ಬಿಡುತ್ತಿಲ್ಲ.

ಅದನ್ನು ಬಳಿದ ಪುಣ್ಯಾತ್ಗಿತ್ತಿ ಬೇರೆ ಯಾರೂ ಅಲ್ಲ, ಇವರೇ. ಹತ್ತೊಂಬತ್ತು ವರ್ಷದಿಂದ ಈ ಶಾಲೆಯ ಕಸ, ನೀರು, ಗಂಟೆ ಎಲ್ಲ ಇವರ ಪಾಲಿನದು. ಸಾಂಕ್ರಾಮಿಕ ಬಂದಾಗ ಮಕ್ಕಳನ್ನು ದೂರ ಕೂರಿಸುವ ಗುರುತೂ ಇವರ ತಲೆಗೇ ಬಂತು. "ಹೆಡ್ ಮೇಡಂ ಸೀಮೆಸುಣ್ಣದಲ್ಲಿ ಹಾಕಮ್ಮ ಅಂದ್ರು. ಮಕ್ಕಳು ಅಳಿಸಿ ಕೂತ್ಬಿಟ್ರೆ? ಕಾಯಿಲೆ ಅಂಟಿದ್ರೆ? ನಾನೇ ಬುದ್ಧಿವಂತಿಕೆ ಮಾಡಿದೆ," ಎನ್ನುತ್ತಾರೆ. ಗಂಡ ಗೇಟುಗಳಿಗೆ ಬಣ್ಣ ಹೊಡೆಯುವವರು. ಮನೆಯಲ್ಲಿ ಉಳಿದಿದ್ದ ಎಣ್ಣೆಬಣ್ಣ ತಂದು ಒಂದಲ್ಲ, ಎರಡು ಸಲ ಬಳಿದರು. ಹನ್ನೆರಡು ಕೋಣೆ, ಕೋಣೆಗೆ ಇಪ್ಪತ್ತಾರು ಬೆಂಚು.

ಈಗ ನಿರ್ಬಂಧ ಪೂರ್ತಿ ತೆಗೆದಿದ್ದಾರೆ. ಸೋಮವಾರದಿಂದ ಎಲ್ಲ ಮಕ್ಕಳೂ ಒಟ್ಟಿಗೆ ಬರಬೇಕು, ಬೆಂಚಿಗೆ ಮೂವರು. ಮೇಲೆ ಕಂದು ಬಣ್ಣ ಹೊಡೆದು ಕೈತೊಳೆದುಕೊಳ್ಳಬಹುದಿತ್ತಲ್ಲ? ಒಂದು ಬೆಂಚಿಗೆ ಹೊಡೆದೂ ನೋಡಿದ್ದರು. ಕೆಂಪು ಅಡಿಯಿಂದ ಇಣುಕಿತು. ಎರಡು ವಾರದ ಹಿಂದೆ ನಿರ್ಬಂಧ ಸ್ವಲ್ಪ ಸಡಿಲವಾದಾಗ ಎರಡನೇ ತರಗತಿಯ ಪುಟ್ಟಿಯೊಬ್ಬಳಿಗೆ ಉಳಿದದ್ದು ಅದೇ ಜಾಗ. ಅವಳು ಕೂರಲಿಲ್ಲ, ಚೀಲ ಅವುಚಿಕೊಂಡು ಪಿರಿಯಡ್ ಪೂರ್ತಿ ನಿಂತಿದ್ದಳು.

"ಕೂತ್ಕೊಳೇ ಕಂದಾ ಅಂದ್ರೆ, 'ಆಯಮ್ಮ, ಇಲ್ಲಿ ಕೂತ್ರೆ ಅಜ್ಜಿಗೆ ಜ್ವರ ಬರುತ್ತೆ' ಅಂದ್ಲು. ಶಾಲೆಗೆ ಸೇರಿದಾಗಿಂದ ಆ ಮಗು ಪಕ್ಕದಲ್ಲಿ ಯಾರೂ ಕೂತೇ ಇಲ್ಲ. ನನ್ನ ಕರುಳು ಚುರುಕ್ ಅಂತು." ಹೇಳುತ್ತ ಆಯಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ಥಿನ್ನರ್ ಘಾಟು ಎಂದು ಸಬೂಬು ಬೇರೆ.

ಅಂದಿನಿಂದ ಒಂದೇ ಹಟ: ಸೋಮವಾರ ಒಂದು ಗುರುತೂ ಇರಕೂಡದು. ದಿನಕ್ಕೊಂದು ಕೋಣೆ. ಹತ್ತು ಮುಗಿದಿವೆ. ಉಗುರಿನ ಸಂದಿಯೆಲ್ಲ ಕೆಂಪು, ಸೊಂಟ ಹಿಡಿದುಕೊಂಡಿದೆ. ಏಳು ಗಂಟೆಗೆ ಗಂಡ ಮರಳು ಕಾಗದ ಹಿಡಿದು ಬರುತ್ತಾರೆ.

"ನನ್ನ ಬಣ್ಣ ಅಂದ್ರೆ ಸುಮ್ನೇನಾ?" ಎಂದು ಬೀಗುತ್ತಾರೆ.

"ಬಾಯಿ ಸಾಕು ರೀ, ಉಜ್ಜಿ," ಎನ್ನುತ್ತಾರೆ ಆಯಮ್ಮ.

ಭಾನುವಾರ ಸಂಜೆ ಕೊನೆಯ ಬೆಂಚೂ ಬೆತ್ತಲಾಗುತ್ತದೆ. ಕೆರೆದಲ್ಲೆಲ್ಲ ಮರದ ಬಿಳಿ ಕಾಣುತ್ತಿದೆ, ಚೆಂದವೇನಲ್ಲ.

ಸೋಮವಾರ ಆ ಪುಟ್ಟಿ ಬೆಂಚಿನ ನಡುವಿನ ಜಾಗವನ್ನು ಬೆರಳಿನಿಂದ ಸವರುತ್ತಾಳೆ. ಆಯಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದಾರೆ. ಹುಡುಗಿ ಅಂಚಿನಲ್ಲಿ ಕೂರುತ್ತಾಳೆ, ಮೆಲ್ಲಗೆ ಹಿಂದೆ ಸರಿದು ಆರಾಮಾಗುತ್ತಾಳೆ. ಅರ್ಧ ಗಂಟೆಯೂ ಆಗಿಲ್ಲ, ಒಳಗಿಂದ ಅವಳದೇ ದೂರು: "ಮಿಸ್, ಇವಳು ನನ್ನ ಜಾಗಕ್ಕೆ ಬರ್ತಾಳೆ!"

ಆಯಮ್ಮನ ಮುಖ ಅರಳುತ್ತದೆ. "ಜಗಳ ಆಡ್ತಿದ್ದಾಳೆ ನೋಡಿ," ಎನ್ನುತ್ತಾರೆ. "ಪಕ್ಕದಲ್ಲಿ ಒಬ್ರು ಇದ್ರೆ ತಾನೆ ಜಗಳ?"