ಆದೆಮ್ಮ ಸುಮ್ಮನೆ ಕೂತ ಗುಡ್ಡ

ದೇವದುರ್ಗದ ಆಚೆಯ ಗುಡ್ಡಗಳ ನೆತ್ತಿ ಆಗಷ್ಟೇ ಕೆಂಪಾಗುತ್ತಿದೆ. ಕೆಳಗೆ ದೂರದಲ್ಲಿ ಕೃಷ್ಣೆ ಬೂದುಗೆರೆಯಂತೆ ಕಾಣುತ್ತಾಳೆ. ಬಂಡೆಗಳ ನಡುವಿನ ಬಯಲಲ್ಲಿ ಆದೆಮ್ಮ ಬಲೆಯ ಬೇಲಿ ಬಿಚ್ಚುತ್ತಿದ್ದಾರೆ. ನಸುಕಿನಲ್ಲಿ ಹುಟ್ಟಿದ ಮರಿಯೊಂದು ಅವರ ಸೆರಗಿನೊಳಗಿದೆ. ಬೇಲಿ ಬಿಚ್ಚಿದ್ದೇ ತಡ, ಇನ್ನೂರರಷ್ಟು ಕುರಿಗಳು ಇಬ್ಬನಿಯ ಹುಲ್ಲಿನತ್ತ ಇಳಿಯುತ್ತವೆ.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನ ಆದೆಮ್ಮನಿಗೆ ಐವತ್ತು ದಾಟಿದೆ. ಕಾಲುವೆ ನೀರು ಬಂದು ಊರಲ್ಲಿ ಭತ್ತದ ನಾಟಿಯಾದರೆ ಕುರಿ ಕಾಲಿಡಲು ಜಾಗವಿರುವುದಿಲ್ಲ. ಆಗ ಹೊರಟು, ದಿನಕ್ಕೆ ಹತ್ತು ಕಿಲೋಮೀಟರಿನಂತೆ ನಡೆದು ಬಂದು, ಈ ಗುಡ್ಡಗಳಲ್ಲಿ ನಾಲ್ಕು ತಿಂಗಳು ಕಳೆಯುತ್ತಾರೆ. ಮೈದುನ ಬೀರೇಶ ಜೊತೆಗಿರುತ್ತಾರೆ. ಹಿಂಡಿನ ಮುಂದೆ ನಡೆಯುವವರು ಮಾತ್ರ ಆದೆಮ್ಮ.

ಮೊದಲು ಹಾಗೆ ನಡೆಯುತ್ತಿದ್ದವರು ಗಂಡ ಪರಮಣ್ಣ. ಕೆಲ ವರ್ಷಗಳ ಹಿಂದೆ ಇದೇ ಗುಡ್ಡದಲ್ಲಿ ಸಿಡಿಲು ಬಡಿದು ತೀರಿಕೊಂಡರು. ಗುಡ್ಡದಲ್ಲಿ ಹೆಂಗಸು ಹೇಗಿರುತ್ತಾಳೆ, ಹಿಂಡು ಮಾರಿಬಿಡು ಎಂದರು ಬಂಧುಗಳು. ಆದೆಮ್ಮ ಮಾರಲಿಲ್ಲ. ಆದರೆ ದೇವರ ಮುಂದೆ ದೀಪ ಹಚ್ಚುವುದನ್ನು ನಿಲ್ಲಿಸಿದರು. ಮರುವರ್ಷ ಹಿಂಡು ಹೊಡೆದುಕೊಂಡು ಇಲ್ಲಿಗೇ ಬಂದರು.

“ಅವ್ರು ಬಿದ್ದ ಜಾಗದಾಗ ನಿಂತು ದೇವ್ರಿಗಿ ಬೈಬೇಕಂತ ಬಂದಿದ್ದೆರೀ,” ಎನ್ನುತ್ತಾರೆ.

ಬೈದರು. ಗಂಟಲು ಹರಿಯುವಂತೆ ಕೂಗಿದರು. ಆ ಕೂಗಿಗೆ ಬೆದರಿದ ಕುರಿಗಳು ಬಂಡೆಗಳ ಸಂದಿಗಳಲ್ಲಿ ಚದುರಿಹೋದವು. ಬೀರೇಶ ಹುಡುಕಲು ಓಡಿದರು. ಆದೆಮ್ಮ ಕರೆದಷ್ಟೂ ಅವು ಇನ್ನೂ ಮೇಲೇರಿದವು. ಹೊತ್ತು ಇಳಿಯುತ್ತಿತ್ತು, ಆ ಕಡೆ ತೋಳಗಳ ಓಡಾಟವಿತ್ತು. ಹಿಂಡು ಹೋದರೆ ಬದುಕೇ ಹೋದಂತೆ. ಕಾಲು ಸೋತು, ಕೂಗಲು ದನಿಯೂ ಉಳಿಯದೆ, ಗಂಡ ಬಿದ್ದಿದ್ದ ಬಂಡೆಯ ಮೇಲೆ ಕೂತುಬಿಟ್ಟರು.

“ಸುಮ್ಮನ ಕುಂತೆ. ಗಾಳಿ ಬೀಸೋದು ಕೇಳಿಸ್ತು, ದೂರ ಹೊಳಿ ಕಾಣಿಸ್ತು. ಅದೆಲ್ಲಾ ಮೊದ್ಲೂ ಇತ್ತು, ನಾ ನೋಡಿದ್ದಿಲ್ಲ. ಒಂದು ಮುದಿ ಕುರಿ ಬಂದು ಮೊಣಕಾಲಿಗಿ ಮೂತಿ ಒರಸ್ತು. ಆಮ್ಯಾಲ ಒಂದೊಂದ ಬಂದ್ವು.”

ಕತ್ತಲಾಗುವ ಮೊದಲು ಬೀರೇಶ ಮರಳಿದಾಗ ಹಿಂಡು ಅತ್ತಿಗೆಯ ಸುತ್ತ ಮಲಗಿತ್ತು. ಎರಡು ಕುರಿಗಳು ಸಿಗಲೇ ಇಲ್ಲ. ಗಂಡ ಸತ್ತ ಮೇಲೆ ಅತ್ತಿಗೆ ಅತ್ತದ್ದನ್ನು ಅಂದೇ ಮೊದಲು ನೋಡಿದೆ ಎಂದು ಬೀರೇಶ ನೆನೆಯುತ್ತಾರೆ.

ಅಂದಿನಿಂದ ಎಲ್ಲೇ ಬೀಡುಬಿಟ್ಟಿರಲಿ, ಹಿಂಡು ಬಿಡುವ ಮುನ್ನ ಆದೆಮ್ಮ ಸ್ವಲ್ಪ ಹೊತ್ತು ಹಾಗೇ ಕೂರುತ್ತಾರೆ. ಹೂವಿಲ್ಲ, ಕಾಯಿಯಿಲ್ಲ, ಏನನ್ನೂ ಬೇಡುವುದಿಲ್ಲ. ದೇವರು ಸಿಕ್ಕನೇ ಎಂದು ಕೇಳುತ್ತೇನೆ. ಮರಿಯನ್ನು ತಾಯಿಯ ಮೊಲೆಗೆ ಹಿಡಿದುಕೊಂಡೇ ಉತ್ತರಿಸುತ್ತಾರೆ: “ಸಿಕ್ಕಾನಂತ ನಾ ಹ್ಯಾಂಗ ಹೇಳ್ಲಿರೀ? ಜಗಳ ಬಿಟ್ಟೀನಿ.”

ಅವರದೊಂದು ಆಸೆಯಿದೆ. ತಮ್ಮದೇ ಊರಿನ ಮೂಕಮ್ಮ ಹೋದ ವರ್ಷ ಮಗಳನ್ನು ಕಳೆದುಕೊಂಡವರು. ಅಂದಿನಿಂದ ಮನೆಯ ಹೊಸಿಲು ದಾಟಿಲ್ಲ. ಮುಂದಿನ ಸಲ ಅವರನ್ನೂ ಈ ದಾರಿಯಲ್ಲಿ ಕರೆತರಬೇಕಂತೆ.

“ಸಮಾಧಾನ ಹೇಳಾಕ ನನಗ ಬರಂಗಿಲ್ಲ,” ಎನ್ನುತ್ತಾರೆ ಆದೆಮ್ಮ. “ಆಕಿ ಜೋಡಿ ನಡೀತೀನಿ, ಅಷ್ಟ.”