ರೈಟರ್ ದೇರಪ್ಪನವರ ಬರಿಗೋಡೆ ಕಂಪ್ಯೂಟರು

ರೈಟರ್ ದೇರಪ್ಪನವರನ್ನು ನಾನು ಮೊದಲು ಕಂಡದ್ದು ಎಂಟು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ. ಕಕ್ಕಬೆ ಹತ್ತಿರದ ಕಾಫಿ ಎಸ್ಟೇಟಿಗೆ ಲೆಕ್ಕ, ಹಾಜರಿ ಬರೆಯುವ ರೈಟರಾಗಿ ಅವರು ಬಂದ ದಿನ. ಅಲ್ಲಿ ಮಳೆ ಅಳೆಯುವುದು, ಆಫೀಸು ಗುಡಿಸುವುದು ನನ್ನ ಕೆಲಸ. ನನ್ನ ಗಂಡ ತೀರಿಕೊಂಡ ಮೇಲೆ ಕೊಟ್ಟದ್ದು. ಅಂಕಿ ನನಗೆ ಚೆನ್ನಾಗಿ ಬರುತ್ತದೆ. ಕನ್ನಡ ಕೂಡಿಸಿಕೊಂಡು ಓದುತ್ತೇನೆ. ಇಂಗ್ಲಿಷು ಇಲ್ಲ.

"ಎರಡು ಇಂಚು ಹದಿನೇಳು ಸೆಂಟು" ಅಂತ ಆ ದಿನದ ಮಳೆ ಹೇಳಿದೆ. ಇಂಚಿನ ನೂರನೆಯ ಪಾಲು ಒಂದು ಸೆಂಟು. ಹಿಂದಿನ ರೈಟರು ಎರಡೂಕಾಲು ಅಂತ ಬರೆದು ಮುಗಿಸುತ್ತಿದ್ದರು. ಇವರು ತಲೆ ಎತ್ತಿ, "ಹದಿನೇಳೇ ತಾನೆ ಅಕ್ಕ? ಹದಿನೆಂಟಲ್ಲವಲ್ಲ?" ಅಂದರು. ಈ ಮನುಷ್ಯ ಸರಿ ಅನ್ನಿಸಿತು.

ಆಫೀಸಿನ ಕಂಪ್ಯೂಟರು ಆಗಲೇ ಹಣ್ಣು ಮುದುಕ. ಸ್ವಿಚ್ಚು ಹಾಕಿ ನಾನು ಜಗಲಿ ಗುಡಿಸಿ ಬಂದರೂ ಕಣ್ಣು ಬಿಡುತ್ತಿರಲಿಲ್ಲ. ಹೊಸದು ತರಿಸೋಣ ಅಂತ ಮ್ಯಾನೇಜರು ಪೂವಯ್ಯ ಹೇಳಿದರು. ಬೇಡ ಅಂದವರು ದೇರಪ್ಪನವರೇ. ಹಳೆಯದಕ್ಕೇ ಲಿನಕ್ಸ್ ಅನ್ನುವ, ಕಂಪ್ಯೂಟರು ಓಡಿಸುವ ಬೇರೆ ಸಾಫ್ಟ್‌ವೇರು ಹಾಕಿದರು.

"ಅದು ಮನೆ ಇದ್ದ ಹಾಗೆ. ಸಾಮಾನು ತುಂಬಿಸಿ ಕೊಡುವುದೂ ಉಂಟು, ಬರೀ ಗೋಡೆ ಕೊಡುವುದೂ ಉಂಟು ಅಕ್ಕ. ನಾನು ಗೋಡೆ ತಂದೆ. ಬೇಕಾದ್ದಷ್ಟೇ ಒಳಗೆ."

"ಕೂರುವುದಕ್ಕೆ ಒಂದು ಮಣೆಯಾದರೂ ಇಟ್ಟಿದ್ದೀರಾ?"

"ಮಣೆ ಯಾಕೆ? ಕೆಲಸಕ್ಕೆ ಬಂದವರು ಕೂರಬಾರದು."

ಪರದೆಯ ಮೇಲಿನ ಚಿತ್ರ ತೆಗೆದುಹಾಕಿದರು, ಮೌಸು ತೆಗೆದುಹಾಕಿದರು. ಕಾಫಿ ಗಿಡಕ್ಕೆ ಕಪಾತು ಮಾಡುವ ಹಾಗೆ ಪ್ರತಿ ಭಾನುವಾರ ಕೂತು ಒಂದೊಂದನ್ನೇ ಕತ್ತರಿಸಿದರು. ಆಳುಗಳ ಹಾಜರಿ ಬರೆಯುವ ಯಂತ್ರಕ್ಕೆ ಸದ್ದು ಯಾಕೆ ಅಂತ ಸದ್ದನ್ನು ಬುಡದಿಂದಲೇ ತೆಗೆದರು. ಆಮೇಲೆ ನಾನು ಪೊರಕೆ ಕೈಗೆ ತೆಗೆದುಕೊಳ್ಳುವುದರೊಳಗೆ ಅದು ತೆರೆಯುತ್ತಿತ್ತು. ಕಪ್ಪು ಪರದೆ, ಬಿಳಿ ಅಕ್ಷರ. ಏಳು ವರ್ಷ ಒಂದು ದಿನವೂ ಕೆಟ್ಟು ಮಲಗಲಿಲ್ಲ. ಆದರೆ ಪ್ರಿಂಟರು ಹಿಡಿಸಲು ಒಂಬತ್ತು ದಿನ ಬೇಕಾಯಿತು. ಅವರು ಜ್ವರ ಬಂದು ಮಲಗಿದರೆ ಹಾಜರಿಯೂ ಮಲಗುತ್ತಿತ್ತು. ಬೇರೆ ಯಾರಿಗೂ ಅದರೊಳಗೆ ಹೋಗುವ ದಾರಿ ಗೊತ್ತಿರಲಿಲ್ಲ.

ಹೋದ ವರ್ಷ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮೈಸೂರಿಗೆ ನಾಲ್ಕು ಸಲ ಹೋಗಿ ಬಂದರು. ಜನವರಿಗೆ ಬೆಳಕು ಮಾತ್ರ ಕಾಣುತ್ತಿತ್ತು. ಬೆರಳು ತಾನಾಗಿ ಒತ್ತುತ್ತಿತ್ತು, ಆದರೆ ಯಂತ್ರ ಏನು ಉತ್ತರ ಕೊಟ್ಟಿತು ಅನ್ನುವುದು ತಿಳಿಯಬೇಕಲ್ಲ. ಪೂವಯ್ಯನವರು ಕೆಟ್ಟವರಲ್ಲ. "ದೇರಪ್ಪ, ಕಾಫಿ ಪಿಕ್ಕಿಂಗ್ ಮುಗಿಯುವ ತನಕ ನೋಡುತ್ತೇನೆ. ಮಾರ್ಚ್ ಮೂವತ್ತೊಂದಕ್ಕೆ ನೀವೇ ಹಾಜರಿ ತೆಗೆದುಕೊಡಬೇಕು. ಇಲ್ಲದಿದ್ದರೆ ಬೇರೆ ರೈಟರನ್ನು ತರಲೇಬೇಕು" ಅಂದರು.

ಕುರುಡರಿಗೆ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರು ಇದೆಯಂತೆ. ಸಾಮಾನು ತುಂಬಿದ ಲಿನಕ್ಸಿನಲ್ಲಿ ಅದು ಮೊದಲೇ ಇರುತ್ತದಂತೆ. ಬೇರೆ ಕಂಪ್ಯೂಟರಿಗೆ ಹೋಗೋಣವೆಂದರೆ, ಇವರು ತಾವೇ ಬರೆದ ಹಾಜರಿಯ ಲೆಕ್ಕ ಇದರ ಹೊರಗೆ ನಡೆಯುವುದಿಲ್ಲ. ಓದಿ ಹೇಳುವುದಕ್ಕೆ ಸದ್ದು ಬೇಕಲ್ಲ, ಇದಕ್ಕೇ ತಿರುಗಿ ಹಾಕುತ್ತೇನೆ ಅಂತ ಹೊರಟರು. ಬೆರಳು ಅವರದು, ಪರದೆಯ ಇಂಗ್ಲಿಷು ಅಕ್ಷರದ ಆಕಾರ ನೋಡಿ ಹೇಳುವ ಕಣ್ಣು ನನ್ನದು.

"ಏನು ಕಾಣುತ್ತದೆ ಅಕ್ಕ?"

"ಒಂದು ಕೋಲು, ಅದರ ಬಲಕ್ಕೆ ಹೊಟ್ಟೆ. ಆಮೇಲೆ ಹಾವು. ಆಮೇಲೆ ಬರೀ ಕೋಲು, ತಲೆ ಮೇಲೆ ಚುಕ್ಕೆ."

"ನಿಮ್ಮ ಮೇಷ್ಟ್ರು ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದೆ."

"ನನಗೆ ಕಲಿಸಿದ್ದು ಮಳೆ ಅಳೆಯುವ ಗ್ಲಾಸು. ಸುಮ್ಮನೆ ಕೇಳಿ."

ಒಂದು ಸಾಲಿಗೆ ಕಾಲು ಗಂಟೆ. ದಿನಕ್ಕೆ ಎರಡು ಗಂಟೆ, ಹನ್ನೊಂದು ದಿನ ಕೂತೆವು. ಹನ್ನೊಂದನೆಯ ದಿನ ಅವರು ಕೈ ಕಟ್ಟಿಕೊಂಡರು. ಸದ್ದು ಬರಬೇಕಾದರೆ ಬುಡವನ್ನೇ ಹೊಸದಾಗಿ ಕಟ್ಟಬೇಕು, ಅದು ಒಂದೊಂದನ್ನೂ ಬೇಕೋ ಬೇಡವೋ ಅಂತ ಕೇಳುತ್ತದೆ ಅಂದರು.

"ಎಷ್ಟು ಸಾಲು ಕೇಳುತ್ತದೆ?"

"ಎರಡು ಸಾವಿರಕ್ಕೆ ಕಡಿಮೆ ಇಲ್ಲ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಐನೂರು ಗಂಟೆ. ಇನ್ನೂರ ಐವತ್ತು ದಿನ. ಮಾರ್ಚ್ ಮೂವತ್ತೊಂದಕ್ಕೆ ಉಳಿದದ್ದು ಹತ್ತೊಂಬತ್ತು. ಅವರಿಗೂ ಲೆಕ್ಕ ಬರುತ್ತದೆ.

"ಯಾರೂ ನನ್ನಿಂದ ಕಿತ್ತುಕೊಂಡದ್ದಲ್ಲ ಅಕ್ಕ" ಅಂದರು. "ಬೇಡ ಅಂತ ನಾನೇ ಒತ್ತಿದ್ದು."

ಏಪ್ರಿಲ್ ಒಂದಕ್ಕೆ ಹೊಸ ರೈಟರು ಕವನಾ ತನ್ನ ಲ್ಯಾಪ್‌ಟಾಪು ತಂದಳು. ಒಳ್ಳೆ ಹುಡುಗಿ, ಹಳೆಯದು ಮೇಜಿನ ಮೇಲೆಯೇ ಇರಲಿ ಅಂದಳು. ದೇರಪ್ಪನವರು ಬೇಡ ಅಂತ ತಲೆಯಾಡಿಸಿದರು. ಅದನ್ನು ಆರಿಸಿ ಮಲಗಿಸುವುದಕ್ಕೆ ಒಂದು ಪದ ಒತ್ತಬೇಕು. ಮೂರು ಸಲ ಒತ್ತಿದರು. ಒಪ್ಪಿತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಪರದೆಯ ಮೇಲೆ ಏನೇನೋ ಸಾಲು ನಿಂತಿತ್ತು, ನನಗೂ ತಿಳಿಯಲಿಲ್ಲ. ಎದ್ದು ಗೋಡೆ ಸವರುತ್ತಾ ನಿಂತರು.

"ಅಕ್ಕ, ಸ್ವಿಚ್ಚಿನ ಮೇಲೆ ನನ್ನ ಕೈ ಇಟ್ಟು ಕೊಡುತ್ತೀರಾ?"