ನುಗ್ಗೆಯೆಂದು ಬಡಿಸಿದ ಚಗಟೆ

ನಮ್ಮ ಮಧುಗಿರಿ ಸೀಮೆಯವರು ನಂಬಲಿಕ್ಕಿಲ್ಲ, ಕಿಟಕಿ ತೆಗೆದರೆ ಹಸಿರು ಕಣ್ಣಿಗೆ ರಾಚುವ ಊರಿನಲ್ಲಿ ನಾನು ಒಂದು ಹಿಡಿ ಸೊಪ್ಪಿಗೆ ಪರದಾಡಿದೆ. ನಮ್ಮೂರಲ್ಲಿ ಬರಡು ಹೊಲದ ಬದುವಿನಲ್ಲೇ ಅಮ್ಮ ಅಣ್ಣೆ, ಕನ್ನೆ, ಹೊನಗೊನ್ನೆ ಎಂದು ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದಳು. ಹೊಸನಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಸುತ್ತ ಎಲೆಯೇ ಎಲೆ, ಒಂದರ ಹೆಸರೂ ತಿಳಿಯದು. ಅಮ್ಮ ಸೊಪ್ಪು ಕೀಳುವಾಗ ನಾನು ಪುಸ್ತಕ ಹಿಡಿದು ಕೂತಿರುತ್ತಿದ್ದೆ. ನಮ್ಮ ವಂಶಕ್ಕೇ ಮೊದಲ ಬಿ.ಎ. ನಾನು. ಆ ಹೆಮ್ಮೆ ಈಗಲೂ ಇದೆ.

ಹೈಸ್ಕೂಲು ಮೇಷ್ಟ್ರಾಗಿ ಬಂದ ಎರಡನೆಯ ವರ್ಷ, ಹೆಂಡತಿ ಪುಟ್ಟಲಕ್ಷ್ಮಿ ತವರಿನಿಂದ ಮೂರು ತಿಂಗಳ ಕೂಸಿನೊಂದಿಗೆ ಬಂದಳು. ದಾರಿಯಲ್ಲಿ ಅವಳನ್ನು ಸಾಗರದ ಡಾಕ್ಟರಿಗೆ ತೋರಿಸಿದ್ದೆ. "ರಕ್ತ ಸಾಲದು, ಸೊಪ್ಪು ತಿನ್ನಿಸಿ" ಎಂದಿದ್ದರು. ಬಂದ ವಾರಕ್ಕೇ ಮಳೆ ಹಿಡಿದು ಸಂಕ ಮುಳುಗಿತು. ಸಂಕ ಎಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿ, ಇಲ್ಲಿಯ ಸೇತುವೆ ಅದೇ. ಆಚೆಗೆ ಸಂತೆ, ಬಸ್ಸು, ಡಾಕ್ಟರು. ಈಚೆಗೆ ನಾವು. ಮೂರು ಸಲ ಬರೆದ ವರ್ಗಾವಣೆ ಅರ್ಜಿ ಮೂರು ಸಲವೂ ತಿರುಗಿ ಬಂದಿತ್ತು. ಪುಟ್ಟಲಕ್ಷ್ಮಿ ಗೋಡೆ ಹಿಡಿದು ನಡೆಯುತ್ತಿದ್ದಳು. ಎದೆಹಾಲು ಕಡಿಮೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಬೇಲಿಯ ಬಳಿ ತಡಕಾಡುತ್ತಿದ್ದೆ. ಪಕ್ಕದ ಮನೆಯ ಗೇಣಿ ಒಕ್ಕಲಿನ ದ್ಯಾವಮ್ಮ ಕೇಳಿದಳು:

"ಎಂತ ಮೇಷ್ಟ್ರೇ ಹುಡುಕ್ತೀರಿ? ದನ ತಪ್ಪಿಸ್ಕಂಡ್ರಾ?"

ಅಡುಗೆಗೆ ಸೊಪ್ಪು ಎಂದೆ.

"ಮೆಟ್ಕಂಡೇ ನಿಂತೀರಲ್ಲ ಮಾರಾಯ್ರೇ. ಚಗಟೆ ಅದು. ಎಳೇ ಕುಡಿ ಚೂಟಿ, ಕಾಯಿ ಹಾಕಿ ಪಲ್ಯ ಮಾಡಿ. ಬಾಣಂತೀರಿಗೂ ನಾವು ಕೊಡ್ತೀವಿ."

ಬಗ್ಗಿ ನೋಡಿದರೆ ನಮ್ಮ ತಗಚೆ. ನಮ್ಮೂರಲ್ಲಿ ತಿಪ್ಪೆಯ ಮೇಲೆ ಬೆಳೆಯುವ, ದನವೂ ಮೂಸದ ಗಿಡ. ಇಲ್ಲಿಯವರು ತಗಚೆ ತಿನ್ನುತ್ತಾರಂತೆ ಎಂದು ಮನೆಯಲ್ಲಿ ಮಾತು ತೆಗೆದೆ.

"ತಿನ್ಲಿ ಬಿಡಿ. ಹಾಲು ಕುಡಿಸೋಳು ನಾನು. ಕೂಸಿಗೇನಾದ್ರೂ ಆದ್ರೆ ಹಳ್ಳ ದಾಟೋಕೂ ಆಗಲ್ಲ" ಎಂದಳು ಪುಟ್ಟಲಕ್ಷ್ಮಿ.

ಮರುದಿನ ದ್ಯಾವಮ್ಮನ ಜಗಲಿಯಲ್ಲೇ ಕೂತು ಚಗಟೆಯನ್ನು ಗುರುತು ಸಿಗದಷ್ಟು ಸಣ್ಣಗೆ ಹೆಚ್ಚಿದೆ. "ನುಗ್ಗೆಸೊಪ್ಪು. ಹೆಡ್‌ಮಾಸ್ಟರ ಹಿತ್ತಲಿನದು" ಎಂದು ಹೆಂಡತಿಗೆ ಕೊಟ್ಟೆ.

"ಏನೋ ಬೇರೆ ರುಚಿ" ಎಂದಳು ಉಣ್ಣುವಾಗ.

"ಇಲ್ಲಿಯ ಮಣ್ಣಿನ ಗುಣ" ಎಂದೆ, ತರಗತಿಯ ದನಿಯಲ್ಲಿ. ನಂಬಿದಳು. ದಿನಾ ಉಂಡಳು. ನಾಲ್ಕನೆಯ ವಾರ ಗೋಡೆ ಹಿಡಿಯದೆ ಬಾವಿಗೆ ಹೋಗಿ ಬಂದಳು.

ಒಂದು ದಿನ ನಾನು ಶಾಲೆಯಲ್ಲಿದ್ದಾಗ ದ್ಯಾವಮ್ಮ ಒಂದು ಟೊಂಗೆ ಹಿಡಿದು ಬಾಗಿಲಿಗೆ ಬಂದಳಂತೆ. "ಚಗಟೆ ಬಲಿತು ಹೋಯ್ತು ಮಾರಾಯ್ತಿ, ಇನ್ನು ಕುಡಿ ಸಿಗಲ್ಲ ಅಂತ ನಿನ್ನ ಗಂಡಂಗೆ ಹೇಳು" ಎಂದಳಂತೆ.

ನಾನು ಮನೆಗೆ ಬಂದಾಗ ಆ ಟೊಂಗೆ ನನ್ನ ಮಣೆಯ ಮೇಲಿತ್ತು.

"ನಿನ್ನ ಒಳ್ಳೇದಕ್ಕೇ ಅಲ್ವಾ" ಎಂದೆ.

"ಒಳ್ಳೇದೇ ಆಯ್ತು. ಕೂಸಿಗೆ ಹೆಚ್ಚುಕಮ್ಮಿ ಆಗಿದ್ದಿದ್ರೆ ಏನ್ ತಿಂದೆ ಅಂತ ಡಾಕ್ಟ್ರಿಗೆ ಹೇಳ್ತಿದ್ದೆ ನಾನು? ನುಗ್ಗೆ ಅಂತಾನಾ?" ಕೂಸನ್ನು ಎತ್ತಿಕೊಂಡು ಹೇಳಿದಳು, "ಓದಿದೋರು ಸುಳ್ಳು ಹೇಳಲ್ಲ ಅಂತ ನಮ್ಮಪ್ಪ ಕೊಟ್ಟಿದ್ದು."

ಸಂಕ ಮೇಲೆದ್ದ ಮೇಲೆ ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ದ್ಯಾವಮ್ಮನ ಜೊತೆ ಗುಡ್ಡ ಹತ್ತತೊಡಗಿದಳು. ಕೆಸುವಿಗೆ ಎಷ್ಟು ಹುಳಿ, ಒಂದೆಲಗದ ತಂಬುಳಿಗೆ ಎಷ್ಟು ಮಜ್ಜಿಗೆ, ಎಲ್ಲ ಕಲಿತಳು. ಬೇಸಿಗೆಯಲ್ಲಿ ಊರಿಗೆ ಹೋದಾಗ ಅವಳ ಬಾಯಲ್ಲಿ ಮಲೆನಾಡಿನ "ಎಂತ" ಕೇಳಿ ಅಮ್ಮ ನಕ್ಕಳು. ಅಮ್ಮನ ಮಸ್ಸೊಪ್ಪು ಉಂಡು ನನಗೆ ಕಣ್ಣು ತುಂಬಿತು. ಪುಟ್ಟಲಕ್ಷ್ಮಿ, "ಯಾವಾಗ ವಾಪಸ್ಸು?" ಎಂದಳು.

ನಾಲ್ಕನೆಯ ಅರ್ಜಿ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಕಳಿಸಿದರೆ ಅವಳು ಬರುತ್ತಾಳೋ ಎಂದು ಕೇಳುವ ಧೈರ್ಯವಿಲ್ಲ. ಇಲ್ಲೇ ಉಳಿದರೆ ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ.

ಕಳೆದ ವಾರ ಸಂತೆಯಿಂದ ಒಂದು ಕಟ್ಟು ಸೊಪ್ಪು ತಂದುಕೊಟ್ಟೆ. ಅವಳು ತೆಗೆದುಕೊಂಡು ನೇರ ಬೇಲಿಯ ಹತ್ತಿರ ಹೋದಳು.

"ದ್ಯಾವಕ್ಕಾ, ಇದೆಂತ ಸೊಪ್ಪು, ಸ್ವಲ್ಪ ನೋಡಿ ಹೇಳು."

ನಾನು ತಂದದ್ದು ಕೊತ್ತಂಬರಿ.